ಬಿಲದ ಬಾಗಿಲಲ್ಲಿ ಕಳ್ಳಿಪೀರ

ಊರಾಚೆಯ ಹೊಲದ ಮೇಲಿನ ಕರೆಂಟ್ ತಂತಿಯಲ್ಲಿ ನಾಲ್ಕಾರು ಹಸಿರು ಹಕ್ಕಿಗಳು ಸಾಲಾಗಿ ಕೂತಿರುತ್ತವೆ. ಅದರಲ್ಲೊಂದು ಚಂಗನೆ ಹಾರಿ, ಗಾಳಿಯಲ್ಲೇ ಗಿರಕಿ ಹೊಡೆದು, ಕೊಕ್ಕಿನ ತುದಿಯಲ್ಲಿ ಜೇನುನೊಣ ಕಚ್ಚಿಕೊಂಡು ಕೂತಿದ್ದ ಜಾಗಕ್ಕೇ ಮರಳುತ್ತದೆ. ಆಮೇಲೆ ಬಡಿತ ಶುರು. ನೊಣವನ್ನು ತಂತಿಗೆ ಅಪ್ಪಳಿಸಿ, ಉಜ್ಜಿ, ವಿಷ ಇಳಿಸಿದ ಮೇಲೆಯೇ ನುಂಗುವುದು.

ಇದು ಸಣ್ಣ ಹಸಿರು ಕಳ್ಳಿಪೀರ. ತೂಕ 15ರಿಂದ 20 ಗ್ರಾಂ. ನೆತ್ತಿಯಲ್ಲಿ ಹೊಂಗಂದು, ಗಂಟಲಲ್ಲಿ ತಿಳಿನೀಲಿ, ಅದರ ಕೆಳಗೆ ಕರಿಮಣಿ ಕಟ್ಟಿದಂಥ ಗೆರೆ. ಕೆಂಪು ಕಣ್ಣಿಗೆ ಉದ್ದಕ್ಕೆ ಎಳೆದ ಕಾಡಿಗೆ. ಬಾಲದ ನಡುವಿನ ಎರಡು ಗರಿಗಳು ಸೂಜಿಯಂತೆ ಸುಮಾರು 5 ಸೆಂ.ಮೀ. ಹೊರಚಾಚಿರುತ್ತವೆ, ಮರಿಗಳಿಗೆ ಈ ಸೂಜಿ ಇರುವುದಿಲ್ಲ. ಹೆಣ್ಣು ಗಂಡು ನೋಡಲು ಒಂದೇ.

ದಟ್ಟ ಕಾಡು ಇದಕ್ಕೆ ಒಗ್ಗದು. ಕುರುಚಲು, ಗೋಮಾಳ, ಉತ್ತ ಹೊಲ ಇದರ ರಾಜ್ಯ. ಜೇನುನೊಣ, ಕಣಜ, ಏರೋಪ್ಲೇನ್ ಚಿಟ್ಟೆ, ರೆಕ್ಕೆಯಿರುವೆ ಎಲ್ಲವೂ ಊಟವೇ. ಅರಗದ ರೆಕ್ಕೆ-ಚಿಪ್ಪುಗಳನ್ನು ಉಂಡೆ ಮಾಡಿ ಕಕ್ಕುತ್ತದೆ. ಚಳಿಗಾಲದ ಬೆಳಿಗ್ಗೆ ಒಂದಕ್ಕೊಂದು ಅಂಟಿ ಕೂತು, ಬಿಸಿಲೇರಿದ ಮೇಲೆ ನಿಧಾನಕ್ಕೆ ಕೆಲಸಕ್ಕಿಳಿಯುತ್ತವೆ. ಮಣ್ಣಿನಲ್ಲಿ ಹೊರಳಿ ಸ್ನಾನ ಮಾಡುವುದೂ ಉಂಟು.

ತಂತಿಯ ಮೇಲೆ ಇಷ್ಟು ರಾಜಾರೋಷವಾಗಿರುವ ಹಕ್ಕಿ ಗೂಡಿನ ವಿಷಯದಲ್ಲಿ ಮಾತ್ರ ಮಹಾ ಗುಟ್ಟಿನದು.

ಬೇಸಿಗೆ ಬಂದರೆ ಜೋಡಿ ಸೇರಿ ಮಣ್ಣಿನ ದಿಣ್ಣೆಗೋ ಹಳ್ಳದ ದಂಡೆಗೋ ಅಡ್ಡಲಾಗಿ ಬಿಲ ಕೊರೆಯುತ್ತದೆ. ಬಿಲ ಕೆಲವೊಮ್ಮೆ ಒಂದು ಮೀಟರ್ ದಾಟುತ್ತದೆ. ಕೊನೆಯ ಕೋಣೆಯ ಬರಿಮಣ್ಣಿನ ಮೇಲೆ 3ರಿಂದ 5 ದುಂಡನೆಯ ಬಿಳಿ ಮೊಟ್ಟೆ. ಕಾವು ಕೊಡುವ ಸರದಿ ಇಬ್ಬರದೂ. ಇದರ ಸೋದರಸಂಬಂಧಿ ನೀಲಿಬಾಲದ ಕಳ್ಳಿಪೀರ ಶ್ರೀರಂಗಪಟ್ಟಣದ ಬಳಿ ಕಾವೇರಿ ಸೀಮೆಯಲ್ಲಿ ಕೇರಿಗಟ್ಟಿ ಬಿಲ ತೋಡುತ್ತದೆ. ಹಸಿರು ಕಳ್ಳಿಪೀರದ್ದು ಹೆಚ್ಚಾಗಿ ಒಂಟಿಮನೆ. ನೆಲಮಟ್ಟದ ಬಾಗಿಲು ಹಾವು, ಮುಂಗುಸಿ, ನಾಯಿಗಳ ಕಣ್ಣಿಗೆ ಬಿದ್ದರೆ ಸಂಸಾರವೇ ಹೋದಂತೆ.

ಹಾಗಾಗಿ ಅದು ನೋಡುವವರನ್ನೇ ನೋಡುತ್ತದೆ. ಪುಣೆಯ ಜೀವವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದರು. ಗೂಡಿನಿಂದ ಹೆಚ್ಚುಕಡಿಮೆ ಒಂದೇ ದೂರದ ಎರಡು ಜಾಗ. ಒಂದರಲ್ಲಿ ನಿಂತರೆ ಬಿಲದ ಬಾಯಿ ಕಾಣುತ್ತದೆ, ಇನ್ನೊಂದರಲ್ಲಿ ಮರೆ. ಬಾಯಿ ಕಾಣುವ ಕಡೆ ಮನುಷ್ಯ ನಿಂತಾಗ ಹಕ್ಕಿ ಒಳಹೋಗಲು ಹೆಚ್ಚು ಹಿಂಜರಿಯಿತು. ಅದು ಲೆಕ್ಕ ಹಾಕಿದ್ದು ದೂರವನ್ನಷ್ಟೇ ಅಲ್ಲ, ಅವನಿಗೆ ಏನು ಕಾಣುತ್ತಿದೆ ಎಂಬುದನ್ನೂ.

ಏಪ್ರಿಲ್‌ನಲ್ಲಿ ಕೊಕ್ಕಲ್ಲಿ ಹುಳ ಹಿಡಿದೂ ನುಂಗದೆ, ತಂತಿಯ ಮೇಲೆ ಸುಮ್ಮನೆ ಕೂತ ಕಳ್ಳಿಪೀರ ಕಂಡರೆ ಮರದ ಮರೆಗೆ ಸರಿದುಬಿಡಬೇಕು. ಒಳಗೆ ಮರಿಗಳು ಕಾಯುತ್ತಿರುತ್ತವೆ.