ಇಬ್ಬರೂ ನಿಜ ಹೇಳಿದರು, ದುಡ್ಡು ಎಲ್ಲಿ ಹೋಯಿತು?

ನಮ್ಮ ಬೀದಿಯ ಮೂಲೆಯಲ್ಲಿ ಹೂವು ಕಟ್ಟಿ ಮಾರುವ ಅಜ್ಜಿಗೆ ನಾಲ್ಕು ತಿಂಗಳಿಂದ ಪಿಂಚಣಿ ಬಂದಿರಲಿಲ್ಲ. ತಿಂಗಳಿಗೆ 1200 ರೂಪಾಯಿ. ಕೆಲವರಿಗೆ ಅದು ಮನೆಮಂದಿಯೆಲ್ಲ ಒಂದು ಸಲ ಹೋಟೆಲಿಗೆ ಹೋಗಿಬಂದ ಖರ್ಚು. ಆಕೆಗೆ ಅದು ಬಿ.ಪಿ. ಮಾತ್ರೆ, ಗ್ಯಾಸು, ಹೂವು ತರಲು ಬೆಳಗಿನ ಬಸ್ಸಿನ ಚಾರ್ಜು. ಕಚೇರಿಗೆ ಹೋಗಿ ಕೇಳಿದರೆ, "ಪ್ರತಿ ತಿಂಗಳೂ ಹೋಗಿದೆಯಲ್ಲಮ್ಮ, ಕಂಪ್ಯೂಟರಿನಲ್ಲಿ ತೋರಿಸ್ತಿದೆ" ಅಂದರಂತೆ. ಬ್ಯಾಂಕಿಗೆ ಹೋದರೆ, "ಇಲ್ಲಿಗೆ ಬಂದೇ ಇಲ್ಲವಲ್ಲಮ್ಮ" ಅಂದರಂತೆ. ಎರಡು ಕಡೆಗೂ ಮೂರು ಮೂರು ಸಲ ಓಡಾಡಿ, ಕೊನೆಗೆ ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಮ್ಮ ಮನೆ ಜಗುಲಿಗೆ ಬಂದು ಕೂತರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಎಂಬುದು ಬೀದಿಗೆಲ್ಲ ಗೊತ್ತು. ನಿವೃತ್ತನಾಗಿ ಹತ್ತು ವರ್ಷ ದಾಟಿದರೂ ಯಾರ ಪಾಸ್‌ಬುಕ್ ಏನಾದರೂ ಮೊದಲು ನನ್ನ ಮುಂದೆಯೇ ಬಿಚ್ಚಿಕೊಳ್ಳುತ್ತದೆ.

ಏಳನೇ ತರಗತಿಯ ನನ್ನ ಮೊಮ್ಮಗಳು ಹೋಂವರ್ಕ್ ಬಿಟ್ಟು ಕೇಳಿಸಿಕೊಳ್ಳುತ್ತಿದ್ದಳು. "ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳ್ತಿದ್ದಾರೆ ತಾತ" ಅಂದಳು.

"ಇಬ್ಬರೂ ನಿಜ ಹೇಳ್ತಿರಬಹುದು" ಅಂದೆ.

"ಅದು ಹೇಗಾಗತ್ತೆ?"

ಮಕ್ಕಳೇ, ನಿಮಗೂ ಇದು ಒಗಟಿನಂತೆ ಕಂಡರೆ ಸ್ವಲ್ಪ ತಾಳಿ. ಉತ್ತರ ತಿಳಿಯಬೇಕಾದರೆ ಮೊದಲು ಈ ದುಡ್ಡು ನಡೆದುಬರುವ ದಾರಿ ಗೊತ್ತಿರಬೇಕು. ನಿಮ್ಮ ಅಜ್ಜ ಅಜ್ಜಿಯರಿಗೆ ಹಳೆಯ ದಾರಿ ಚೆನ್ನಾಗಿ ಗೊತ್ತು, ಹೊಸ ದಾರಿ ಅಷ್ಟಾಗಿ ಗೊತ್ತಿಲ್ಲ.

ಹಳೆಯ ದಾರಿ ಹೀಗಿತ್ತು. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಆರಂಭಿಸಿದಾಗ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. (ಈಗ 79 ವರ್ಷದವರೆಗೆ 200, 80 ತುಂಬಿದವರಿಗೆ 500. ಅದರ ಮೇಲಿನದ್ದು ರಾಜ್ಯ ಸೇರಿಸಿಕೊಡುವುದು. ನಮ್ಮ ಹೂವಿನ ಅಜ್ಜಿಗೆ ಬರುವುದು 2007ರಲ್ಲಿ ನಮ್ಮ ರಾಜ್ಯವೇ ಶುರುಮಾಡಿದ ಸಂಧ್ಯಾ ಸುರಕ್ಷಾ.) ಆಗ ಒಬ್ಬ ಮುದುಕರಿಗೆ ಪಿಂಚಣಿ ಮಂಜೂರಾಗಬೇಕಾದರೆ ವಯಸ್ಸಿಗೆ ಒಂದು ಕಾಗದ, ಆದಾಯಕ್ಕೆ ಒಂದು ಕಾಗದ, ಊರಿನಲ್ಲೇ ವಾಸವಿದ್ದಾರೆ ಎಂಬುದಕ್ಕೆ ಇನ್ನೊಂದು ಕಾಗದ ಬೇಕಿತ್ತು. ಒಂದೊಂದು ಕಾಗದ ಒಂದೊಂದು ಕಚೇರಿಯಲ್ಲಿ. ಇವೆಲ್ಲ ಸರ್ಕಾರದ ಕಚೇರಿಗಳೇ, ಎಷ್ಟೋ ಸಲ ಒಂದೇ ಆವರಣದಲ್ಲಿ ಎದುರುಬದುರು ಇರುವಂಥವು. ಆದರೆ ಈ ಕೊಠಡಿಗೆ ಗೊತ್ತಿರುವುದು ಆ ಕೊಠಡಿಗೆ ಗೊತ್ತಿಲ್ಲ. ಮಧ್ಯೆ ಕಾಗದ ಹೊತ್ತು ಓಡಾಡುವ ಅಂಚೆಯವನ ಕೆಲಸ ಮಾತ್ರ ಅರ್ಜಿದಾರರದೇ. ಕಣ್ಣು ಮಂಜಾದ, ಮಂಡಿ ನೋಯುವ ಅಂಚೆಯವರು! ಕೊನೆಗೆ ಮಂಜೂರಾದರೆ ಮನಿಯಾರ್ಡರ್ ಬರುತ್ತಿತ್ತು.

ಈ ಕಚೇರಿಗಳೇ ಒಂದನ್ನೊಂದು ಕೇಳಿಕೊಂಡರೆ ಮುದುಕರು ಓಡಾಡುವುದು ತಪ್ಪುತ್ತದಲ್ಲ ಎಂಬುದು ಸಾಮಾನ್ಯ ಬುದ್ಧಿಗೇ ಹೊಳೆಯುವ ಮಾತು. ಆದರೆ ಕೇಳಿಕೊಳ್ಳಲು ಎಲ್ಲ ಪುಸ್ತಕಗಳಲ್ಲೂ ಒಂದೇ ಗುರುತು ಬೇಕು. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ, ಮತ್ತೊಂದು ಕಡೆ ಬರೀ ಲಕ್ಷ್ಮಿ ಎಂದಿದ್ದರೆ ಮೂವರೂ ಒಬ್ಬರೇ ಎಂದು ಯಾರು ಹೇಳಬೇಕು? ಆಧಾರ್ ಸಂಖ್ಯೆ ಬಂದದ್ದು ಅಲ್ಲಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಸಂಖ್ಯೆಗಳನ್ನು ಕೊಟ್ಟರು. ಆ ಪ್ರಾಧಿಕಾರದ ಮುಖ್ಯಸ್ಥರಾಗಿದ್ದವರು ನಮ್ಮ ಬೆಂಗಳೂರಿನ ನಂದನ್ ನಿಲೇಕಣಿ. 2013ರ ಜನವರಿ 1ರಿಂದ ಕೆಲವು ಜಿಲ್ಲೆಗಳಲ್ಲಿ ಸರ್ಕಾರದ ನೆರವನ್ನು ನೇರವಾಗಿ ಖಾತೆಗೆ ಹಾಕುವ ಪದ್ಧತಿ ಶುರುವಾಯಿತು.

ಈಗ ನಮ್ಮ ರಾಜ್ಯದಲ್ಲಿ ನೋಡಿ. ಆದಾಯ ಪ್ರಮಾಣಪತ್ರ ನಾಡಕಚೇರಿಯ ಕಂಪ್ಯೂಟರಿನಲ್ಲಿದೆ. ಪಡಿತರ ಚೀಟಿ ಆಹಾರ ಇಲಾಖೆಯಲ್ಲಿ. ಹುಟ್ಟು ಸಾವು ಇ-ಜನ್ಮದಲ್ಲಿ. ಒಂದೊಂದು ಮನೆಯವರನ್ನೂ ಒಟ್ಟಿಗೆ ಪೋಣಿಸುವ ಕೆಲಸಕ್ಕೆ 'ಕುಟುಂಬ' ಎಂಬ ತಂತ್ರಾಂಶವಿದೆ. ಹಣ ಹೊರಡುವುದು ಖಜಾನೆ-2ರಿಂದ. ಎಸ್‌ಎಸ್‌ಪಿಯಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ ಮಕ್ಕಳಿಗೆ ಇದು ಆಗಲೇ ಗೊತ್ತಿರುತ್ತದೆ: ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆದರೆ ಸಾಕು, ಉಳಿದದ್ದನ್ನು ಅದೇ ನಾಡಕಚೇರಿಯಿಂದ ತಂದುಕೊಳ್ಳುತ್ತದೆ. 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅರುವತ್ತು ತುಂಬಿದ ಬಡವರು ಯಾರು ಎಂದು ಇರುವ ದಾಖಲೆಗಳಿಂದಲೇ ಹುಡುಕಿ, ಅವರು ಅರ್ಜಿ ಹಾಕುವ ಮೊದಲೇ ಗ್ರಾಮಲೆಕ್ಕಿಗರು ಮನೆಗೆ ಹೋಗಿ ಪಿಂಚಣಿ ಮಾಡಿಕೊಡುವ 'ಮನೆ ಬಾಗಿಲಿಗೆ ಮಾಸಾಶನ'. ಬಾಗಿಲು ಬಾಗಿಲು ಅಲೆದವರ ಬಾಗಿಲಿಗೇ ಸರ್ಕಾರ ಬರುವುದೆಂದರೆ ನಾನು ನೌಕರಿಯಲ್ಲಿದ್ದಾಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಇನ್ನು ಒಗಟಿಗೆ ಬರೋಣ. ಖಜಾನೆಯಿಂದ ಹಣ ಹೊರಡುವಾಗ ಅದರ ಮೇಲೆ ಅಜ್ಜಿಯ ಖಾತೆ ಸಂಖ್ಯೆ ಇರುವುದಿಲ್ಲ, ಆಧಾರ್ ಸಂಖ್ಯೆ ಇರುತ್ತದೆ. ದೇಶದ ಬ್ಯಾಂಕುಗಳ ನಡುವೆ ಹಣ ಸಾಗಿಸುವ ರಾಷ್ಟ್ರೀಯ ಪಾವತಿ ನಿಗಮದ ಬಳಿ ಒಂದು ದೊಡ್ಡ ಪಟ್ಟಿ ಇದೆ, ಮ್ಯಾಪರ್ ಎನ್ನುತ್ತಾರೆ. ಆ ಪಟ್ಟಿಯಲ್ಲಿ ಒಂದೊಂದು ಆಧಾರ್ ಸಂಖ್ಯೆಯ ಮುಂದೆ ಒಂದೇ ಒಂದು ಬ್ಯಾಂಕಿನ ಗುರುತು. ಖಾತೆ ಸಂಖ್ಯೆ ಅಲ್ಲೂ ಇರುವುದಿಲ್ಲ. ಯಾವ ಖಾತೆ ಎಂಬುದು ಆ ಬ್ಯಾಂಕಿಗೆ ಮಾತ್ರ ಗೊತ್ತು. ಇದು ನನಗೆ ಬಹಳ ಹಿಡಿಸಿದ ಏರ್ಪಾಡು. ನಾವು ಕೆಲಸಕ್ಕೆ ಸೇರಿದ ದಿನವೇ ನಿಷ್ಠೆ ಮತ್ತು ಗೋಪ್ಯತೆಯ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದರು. ಪಕ್ಕದ ಮನೆಯವರ ಖಾತೆಯಲ್ಲಿ ಎಷ್ಟಿದೆ ಎಂದು ಹೆಂಡತಿ ಕೇಳಿದರೂ ಹೇಳುವಂತಿಲ್ಲ. (ಕೇಳುತ್ತಿದ್ದಳು.) ಒಂದೊಂದು ಯಂತ್ರಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಗೊತ್ತಿರುವುದು ಒಳ್ಳೆಯದು.

ಆದರೆ ಒಂದು ಮಾತಿದೆ. ಕೊನೆಯಲ್ಲಿ ಯಾವ ಬ್ಯಾಂಕು ಆಧಾರ್ ಜೋಡಿಸಿತೋ ಆ ಬ್ಯಾಂಕಿನ ಗುರುತೇ ಪಟ್ಟಿಯಲ್ಲಿ ನಿಲ್ಲುತ್ತದೆ. ಹಳೆಯದು ಅಳಿಸಿಹೋಗುತ್ತದೆ.

"ಅಜ್ಜಿ, ಈಚೆಗೆ ಎಲ್ಲಾದರೂ ಹೊಸ ಖಾತೆ ಮಾಡಿಸಿದ್ರಾ?" ಅಂದೆ. ಇಲ್ಲವೇ ಇಲ್ಲ ಅಂದರು. ಆಕೆಯ ಆಧಾರಿಗೆ ಸೇರಿಸಿದ ಮೊಬೈಲ್ ಬೆಂಗಳೂರಿನಲ್ಲಿರುವ ಮಗನದು. ಒಟಿಪಿ ನಮಗೆ ಹೇಳಬೇಡಪ್ಪ, ನೀನೇ ಆಧಾರ್ ಜಾಲತಾಣ ತೆರೆದು ಬ್ಯಾಂಕ್ ಜೋಡಣೆಯ ಸ್ಥಿತಿ ಎಂಬಲ್ಲಿ ಏನಿದೆ ನೋಡಿ ಓದು ಎಂದೆ. ಅವನು ಓದಿದ ಬ್ಯಾಂಕಿನ ಹೆಸರು ಪಾಸ್‌ಬುಕ್ಕಿನ ಮೇಲಿರುವ ಹೆಸರಲ್ಲ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಂತೇಲಿ ಛತ್ರಿ ಕೆಳಗೆ ಒಬ್ಬ ಹುಡುಗ ಕೂತಿದ್ದ. ದುಡ್ಡೇನೂ ಬೇಡ, ಹೆಬ್ಬೆಟ್ಟು ಇಡಿ ಅಂದ. ಇಟ್ಟೆ" ಅಂದರು.

ಹೆಬ್ಬೆಟ್ಟು ಇಟ್ಟಾಗ ಖಾತೆಯೂ ಆಯಿತು, ಜೋಡಣೆಯೂ ಆಯಿತು. ಕಚೇರಿಯವರು ದುಡ್ಡು ಕಳಿಸಿದ್ದು ನಿಜ, ಹಳೆಯ ಬ್ಯಾಂಕಿಗೆ ಬಾರದಿದ್ದೂ ನಿಜ. ಮೊಮ್ಮಗಳು ಆಗಲೇ ಪೆನ್ಸಿಲ್ ತೆಗೆದುಕೊಂಡು ನಾಲ್ಕು ಹನ್ನೆರಡಲಿ ನಲವತ್ತೆಂಟು ಎಂದು ಲೆಕ್ಕ ಹಾಕಿ, "4800 ಇದೆ ಅಜ್ಜಿ!" ಎಂದು ಕೂಗಿದಳು.

ಹಾಗಂತ ಈ ಕಥೆಯಲ್ಲಿ ಎಲ್ಲರೂ ಒಳ್ಳೆಯವರು ಎಂದು ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ನಾಲ್ಕು ತಿಂಗಳು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದ್ದೇನೆ ಎಂದು ಆಕೆ ನನ್ನ ಹೆಂಡತಿಯ ಹತ್ತಿರ ಹೇಳಿದ್ದು ನನಗೆ ಆಮೇಲೆ ತಿಳಿಯಿತು. ಬ್ಯಾಂಕು ಬದಲಾದದ್ದು ಯಂತ್ರಕ್ಕೆ ಕ್ಷಣದಲ್ಲಿ ಗೊತ್ತಾಯಿತು. ಯಾರ ದುಡ್ಡೋ ಆಕೆಗೆ ಮಾತ್ರ ಯಾರೂ ತಿಳಿಯುವಂತೆ ಹೇಳಲಿಲ್ಲ.

ಇದಕ್ಕಿಂತ ಕಷ್ಟದ್ದು ಸಾವಿನ ಸುದ್ದಿ. ಸಾವನ್ನು ನೋಂದಾಯಿಸಬೇಕೆಂದು 1969ರ ಕಾನೂನಿದೆ, ಈಗ ಅದಕ್ಕೆ 21 ದಿನದ ಗಡುವು. ಆ ಸುದ್ದಿ ಪಿಂಚಣಿಯವರಿಗೆ ತಲುಪದೆ, ತೀರಿಕೊಂಡವರ ಹೆಸರಿನಲ್ಲಿ ಹಣ ಬರುತ್ತಲೇ ಇದ್ದದ್ದನ್ನು, ಅದನ್ನು ಇನ್ನಾರೋ ಪಡೆದುಕೊಂಡದ್ದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಕಂಪ್ಯೂಟರುಗಳು ಒಂದಕ್ಕೊಂದು ಸಾವಿನ ಸುದ್ದಿ ಹೇಳಿಕೊಳ್ಳುವುದು ನ್ಯಾಯವೇ. ಬ್ರಿಟನ್ನಿನಲ್ಲಿ ಇದಕ್ಕೊಂದು ವ್ಯವಸ್ಥೆ 2011ರಿಂದ ಇದೆ, 'ಒಂದೇ ಸಲ ಹೇಳಿ' ಎಂಬ ಅರ್ಥದ ಹೆಸರು. ಸಾವು ನೋಂದಾಯಿಸಿದ ಮನೆಯವರು ಬಯಸಿದರೆ ಒಮ್ಮೆ ವಿವರ ಕೊಟ್ಟರಾಯಿತು; ಪಿಂಚಣಿ, ಪಾಸ್‌ಪೋರ್ಟ್, ವಾಹನ ಚಾಲನಾ ಪರವಾನಗಿ, ಸ್ಥಳೀಯ ಕೌನ್ಸಿಲ್ ಎಲ್ಲಕ್ಕೂ ಅದು ತಲುಪುತ್ತದೆ. ದುಃಖದಲ್ಲಿರುವವರು ಹತ್ತು ಕಡೆ ಅದೇ ಮಾತು ಹೇಳಬೇಕಾಗಿಲ್ಲ. ಅಲ್ಲಿ ಸುದ್ದಿ ಹೊರಡುವುದು ಮನೆಯವರ ಬಾಯಿಂದ ಎಂಬುದನ್ನು ಗಮನಿಸಿ.

ಸುದ್ದಿ ತಪ್ಪಾದರೆ? ಹರಿಯಾಣದಲ್ಲಿ ಒಂದೊಂದು ಕುಟುಂಬಕ್ಕೂ 'ಪರಿವಾರ್ ಪೆಹಚಾನ್ ಪತ್ರ' ಎಂಬ ಗುರುತು ಕೊಟ್ಟು ಸವಲತ್ತುಗಳನ್ನೆಲ್ಲ ಅದಕ್ಕೆ ಜೋಡಿಸಿದರು. 2022ರಲ್ಲಿ ಅಲ್ಲಿ ನೂರು ದಾಟಿದ ಒಬ್ಬ ಅಜ್ಜನ ಪಿಂಚಣಿ ನಿಂತುಹೋಯಿತು. ದಾಖಲೆಯಲ್ಲಿ ಅವರು ತೀರಿಕೊಂಡಿದ್ದರು. ಅಜ್ಜ ಏನು ಮಾಡಿದರು ಗೊತ್ತೇ? ಮದುವಣಿಗನಂತೆ ಅಲಂಕಾರ ಮಾಡಿಕೊಂಡು, ರಥದಲ್ಲಿ ಕೂತು, ವಾದ್ಯದೊಂದಿಗೆ ದಿಬ್ಬಣ ಹೊರಟರು, ನಾನು ಬದುಕಿದ್ದೇನೆ ಎಂದು ತೋರಿಸಲು! ಮೊಮ್ಮಗಳಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು. ಆದರೆ ಎಲ್ಲ ಅಜ್ಜಂದಿರಿಗೂ ರಥ ಸಿಗುವುದಿಲ್ಲ.

ಅವರ ಸುದ್ದಿ ಓದಿದ ದಿನ ನನಗೆ ನಗುವಿನ ಜೊತೆ ಇನ್ನೊಂದು ನೆನಪಾಯಿತು. ನಾನೂ ಒಬ್ಬರನ್ನು ಸಾಯಿಸಿದ್ದೇನೆ. ಎಂಬತ್ತರ ದಶಕ, ಹೋಬಳಿಯೊಂದರ ಸಣ್ಣ ಶಾಖೆ. ಒಂದೇ ಹಳ್ಳಿ, ಒಂದೇ ಹೆಸರಿನ ಇಬ್ಬರು ರೈತರು. ಒಬ್ಬರ ಮಗ ಮರಣ ಪ್ರಮಾಣಪತ್ರ ತಂದುಕೊಟ್ಟ. ನಾನು ಲೆಡ್ಜರಿನಲ್ಲಿ ಕೆಂಪು ಶಾಯಿಯಿಂದ 'ಮೃತರು' ಎಂದು ಬರೆದದ್ದು ಇನ್ನೊಬ್ಬರ ಪುಟದಲ್ಲಿ. ಹದಿನೈದು ದಿನದ ಮೇಲೆ ಅವರು ಗೊಬ್ಬರಕ್ಕೆ ದುಡ್ಡು ತೆಗೆಯಲು ಬಂದು ಕೌಂಟರಿನ ಮುಂದೆ ನಿಂತರು. ನಾನು ಪುಟ ತಿರುಗಿಸಿ, ಅವರ ಮುಖ ನೋಡಿ, ಮತ್ತೆ ಪುಟ ನೋಡಿ ಬೆವರಿದೆ. ವಿಷಯ ತಿಳಿದು ಅವರು, "ಸ್ವಾಮಿ, ನಂಗೊಂದು ಮಾತು ಹೇಳಬಾರದಿತ್ತಾ?" ಅಂದರು. ಮ್ಯಾನೇಜರ್ ಗೆರೆ ಎಳೆದು ಸಹಿ ಹಾಕಿದರು. ಹತ್ತು ನಿಮಿಷದಲ್ಲಿ ಬದುಕಿಕೊಂಡರು, ನನ್ನ ಖರ್ಚಿನಲ್ಲಿ ಕಾಫಿಯೂ ಆಯಿತು.

ಆ ತಪ್ಪು ಒಂದು ಶಾಖೆಯ ಒಂದು ಲೆಡ್ಜರಿನ ಒಂದು ಪುಟದಲ್ಲಿ ಇತ್ತು. ಅವರ ಪಡಿತರಕ್ಕೆ, ಪಹಣಿಗೆ ಅದರ ಸುದ್ದಿಯೇ ಇರಲಿಲ್ಲ. ಅದೇ ಇವತ್ತಾಗಿದ್ದರೆ ಸಂಜೆಯೊಳಗೆ ಐದು ಕಡೆ ಸತ್ತಿರುತ್ತಿದ್ದರು. ಐದು ಕಡೆಯೂ ಗೆರೆ ಎಳೆಯಲು ಯಾವ ಕೌಂಟರಿನ ಮುಂದೆ ನಿಲ್ಲಬೇಕಿತ್ತೋ. ಹೊಸ ಪಿಂಚಣಿ ಕೊಡಲು ಮನೆ ಬಾಗಿಲಿಗೆ ಹೋಗುವವರು, ಇರುವುದನ್ನು ನಿಲ್ಲಿಸುವ ಮೊದಲೂ ಅದೇ ಬಾಗಿಲು ತಟ್ಟಬೇಕು ಎಂದು ನಾನು ಎದುರಿಗೆ ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ. ಕಂಪ್ಯೂಟರನ್ನು ದೂರುವ ಮುದುಕರ ಗುಂಪಿಗೆ ನಾನು ಸೇರಿದವನಲ್ಲ. ಕೆಂಪು ಶಾಯಿ ಹಿಡಿದ ಕೈ ನನ್ನದೇ ಆಗಿತ್ತು.

ಮಾರನೆಯ ದಿನ ಅಜ್ಜಿಯ ಜೊತೆ ನಾವಿಬ್ಬರೂ ಹೋದೆವು. ಹೊಸ ಖಾತೆಯಿಂದ ದುಡ್ಡು ತೆಗೆಯಲು ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲೊಲ್ಲದು. ವರ್ಷಾನುಗಟ್ಟಲೆ ನಾರು ಎಳೆದು ಬೆರಳ ಗೆರೆಗಳು ಸವೆದುಹೋಗಿವೆ. ನಾಲ್ಕನೆಯ ಸಲ, ಎಡಗೈಯ ತೋರುಬೆರಳಿಗೆ ಒಲಿಯಿತು. ಅಲ್ಲಿಂದ ಹಳೆಯ ಬ್ಯಾಂಕಿಗೆ ಹೋಗಿ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ತುಂಬಿದೆವು. ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಜಾಗದಲ್ಲಿ ಸಂತೆಯ ಬ್ಯಾಂಕಿನ ಹೆಸರನ್ನು ಮೊಮ್ಮಗಳೇ ದುಂಡಗೆ ಬರೆದಳು. ಅವಳ ತರಗತಿಯ ಇಬ್ಬರಿಗೆ ವಿದ್ಯಾರ್ಥಿವೇತನ ಬಂದಿಲ್ಲವಂತೆ; ಅದೂ ಇದೇ ಪಟ್ಟಿ ನೋಡಿಕೊಂಡೇ ಬರುವುದು ಎಂದು ತಿಳಿದ ಮೇಲೆ, ಅವರ ಅಪ್ಪಂದಿರಿಗೆ ಹೇಳಲು ನನ್ನನ್ನು ಶಾಲೆಯ ಹತ್ತಿರ ಕರೆದುಕೊಂಡು ಹೋಗುವ ಯೋಚನೆಯಲ್ಲಿದ್ದಾಳೆ.

ಮುಂದಿನ ತಿಂಗಳ ಪಿಂಚಣಿ ಹಳೆಯ ಖಾತೆಗೇ ಬಂತು. ಮಗ ಬೆಂಗಳೂರಿನಿಂದ ಫೋನ್ ಮಾಡಿ ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಬ್ಯಾಂಕಿಗೆ ಹೋಗಿ, ಸಾಲಿನಲ್ಲಿ ನಿಂತು, ಪಾಸ್‌ಬುಕ್ಕಿನಲ್ಲಿ ಮುದ್ರೆ ಹಾಕಿಸಿಕೊಂಡು, ನಮ್ಮ ಜಗುಲಿಗೆ ಬಂದು ಅದನ್ನು ಬಿಚ್ಚಿ ತೋರಿಸಿದರು. ಮೊಮ್ಮಗಳು ಗಟ್ಟಿಯಾಗಿ 1200 ಎಂದು ಓದಿದ ಮೇಲೆ ಚೀಲಕ್ಕೆ ಹಾಕಿಕೊಂಡರು.