ಮಂದ್ರಸ್ವರಕ್ಕೆ ದೊಡ್ಡ ಹೊಟ್ಟೆಯೇ ಬೇಕು

ಐದಾರು ಮಂದಿ ಗಿಟಾರ್ ಹಿಡಿದು ಸುತ್ತ ಕೂತು ಹಾಡುವ ಕಡೆ ಒಂದು ದೃಶ್ಯ ಸಾಮಾನ್ಯ. ಗುಂಪಿನಲ್ಲಿ ಒಬ್ಬನ ಕೈಯಲ್ಲಿ ಉಳಿದವರದಕ್ಕಿಂತ ತುಸು ದೊಡ್ಡದಾದ, ನಾಲ್ಕೇ ತಂತಿಗಳ ಗಿಟಾರ್ ಇರುತ್ತದೆ. ಅವನ ಬೆರಳುಗಳು ಎಲ್ಲರಿಗಿಂತ ಹೆಚ್ಚು ಶ್ರಮಪಡುತ್ತಿರುತ್ತವೆ. ಸದ್ದು ಮಾತ್ರ ಅವನೊಬ್ಬನಿಗೇ ಕೇಳುತ್ತಿರುತ್ತದೆ. ಅದು ಅಕೌಸ್ಟಿಕ್ ಬೇಸ್ ಗಿಟಾರ್. ವಿದ್ಯುತ್ತಿನ ಹಂಗಿಲ್ಲದೆ ಮಂದ್ರಸ್ವರ ಕೊಡುತ್ತದೆ ಎಂದು ನಂಬಿ ಕೊಂಡ ವಾದ್ಯ. ಕೊಂಡ ಕೆಲವೇ ದಿನಗಳಲ್ಲಿ ಅದರ ಮಾಲೀಕ ಕೇಳತೊಡಗುವ ಪ್ರಶ್ನೆಯೂ ಒಂದೇ: ಮೈಕು, ಆಂಪ್ಲಿಫೈಯರ್ ಇಲ್ಲದೆ ನಾಲ್ಕು ಜನರ ನಡುವೆ ಕೇಳಿಸುವಂಥ ಬೇಸ್ ಗಿಟಾರ್ ಎಲ್ಲಾದರೂ ಇದೆಯೆ?

ಇದೆ. ಆದರೆ ಅದು ಗಿಟಾರಿನಂತೆ ಕಾಣುವುದಿಲ್ಲ. ಗಿಟಾರಿನಂತೆ ಕಾಣುವುದು ಅಷ್ಟು ಗಟ್ಟಿಯಾಗಿ ಕೇಳುವುದಿಲ್ಲ. ಈ ತೊಡಕಿಗೆ ತಯಾರಕರ ಕೈಗುಣಕ್ಕಿಂತ ಗಾಳಿಯ ಗುಣವೇ ಹೆಚ್ಚು ಕಾರಣ.

ನಮ್ಮಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಕಾಣುವ ಬೇಸ್ ಗಿಟಾರ್ ಎಲೆಕ್ಟ್ರಿಕ್ ಜಾತಿಯದು. ಅದರ ಮೈ ಗಟ್ಟಿ ಮರದ ತುಂಡು. ದನಿಯೆಲ್ಲ ಬರುವುದು ಪಕ್ಕದ ಸ್ಪೀಕರ್ ಪೆಟ್ಟಿಗೆಯಿಂದ. ಅಕೌಸ್ಟಿಕ್ ಬೇಸಿಗೆ ಆ ಪೆಟ್ಟಿಗೆಯಿಲ್ಲ. ವೀಣೆಗೆ ಕೊಡ ಇರುವಂತೆ ಅದರ ಟೊಳ್ಳು ಮೈಯೇ ಅದರ ಧ್ವನಿವರ್ಧಕ. ತಂತಿ ತಾನಾಗಿ ಸದ್ದು ಮಾಡುವುದಿಲ್ಲ ಎಂದರೆ ಹೆಚ್ಚು ತಪ್ಪಾಗದು. ತೆಳುವಾದ ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ತಳ್ಳುವುದಿಲ್ಲ. ತಂತಿಯ ನಡುಕ ಕುದುರೆಯ ಮೂಲಕ ಮೇಲುಹಲಗೆಗೆ ಇಳಿದು, ಆ ಹಲಗೆ ಬೀಸಣಿಗೆಯಂತೆ ಗಾಳಿಯನ್ನು ತಳ್ಳಿದಾಗಲೇ ಸದ್ದು.

ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಬೇಸ್ ಗಿಟಾರಿನ ಕೆಳತಂತಿ ಅದಕ್ಕಿಂತ ಒಂದು ಸ್ಥಾಯಿ ಕೆಳಗೆ, ಅಂದರೆ ಸುಮಾರು 41 ಬಾರಿ. ಗಾಳಿಯಲ್ಲಿ ಆ ಸ್ವರದ ಒಂದೊಂದು ಅಲೆಯ ಉದ್ದ 8 ಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆಯನ್ನು ಒಂದೂವರೆ ಅಡಿ ಅಗಲದ ಹಲಗೆಯಿಂದ ಎಬ್ಬಿಸುವುದೆಂದರೆ ಊಟದ ತಟ್ಟೆಯಿಂದ ಕೆರೆಯ ನೀರನ್ನು ಕಲಕಿದಂತೆ. ಲೆಕ್ಕವೂ ಕಟುವಾಗಿದೆ. ಚಿಕ್ಕ ವಾದ್ಯವೊಂದು ಒಂದು ಸ್ಥಾಯಿ ಕೆಳಗಿಳಿದು ಮೊದಲಿನಷ್ಟೇ ಒತ್ತಡದ ಅಲೆ ಎಬ್ಬಿಸಬೇಕಾದರೆ ಪ್ರತಿ ಕಂಪನದಲ್ಲೂ ನಾಲ್ಕು ಪಟ್ಟು ಗಾಳಿಯನ್ನು ಸರಿಸಬೇಕು. ಹಲಗೆ ನಾಲ್ಕು ಪಟ್ಟು ಕುಣಿಯಬೇಕು, ಇಲ್ಲವೇ ನಾಲ್ಕು ಪಟ್ಟು ಹರಡಿಕೊಂಡಿರಬೇಕು. ಬೇಸಿನ ದಪ್ಪ ತಂತಿಗಳ ಬಿಗಿತವನ್ನು ತಾಳಲು ಹಲಗೆಯ ಒಳಗೆ ಗಟ್ಟಿ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಅಷ್ಟು ಬಿಗಿ ಮಾಡಿದ ಹಲಗೆ ಕುಣಿಯಲು ಒಲ್ಲೆನ್ನುತ್ತದೆ. ಸಡಿಲ ಬಿಟ್ಟರೆ ವರ್ಷ ಕಳೆಯುವುದರೊಳಗೆ ಹೊಟ್ಟೆ ಉಬ್ಬಿಸಿ ಕೂರುತ್ತದೆ.

ಇದು ಸಾಲದೆಂಬಂತೆ ಹಲಗೆಯ ನಡುವಿನ ರಂಧ್ರದ ತಂಟೆ ಬೇರೆ. ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ಅದು ಒಂದು ನಿರ್ದಿಷ್ಟ ಶ್ರುತಿಯಲ್ಲಿ ಹೂಂಕರಿಸುತ್ತದೆ. ಸೀಸೆ ದೊಡ್ಡದಾದಷ್ಟೂ ಶ್ರುತಿ ಕೆಳಗೆ. ಗಿಟಾರಿನ ಮೈಯೊಳಗಿನ ಗಾಳಿಗೂ ಅಂಥದ್ದೇ ಸ್ವಂತ ಶ್ರುತಿಯಿದೆ. ಸಾಮಾನ್ಯ ಗಿಟಾರಿನಲ್ಲಿ ಅದು 100 ಹರ್ಟ್ಸ್‌ನ ಆಸುಪಾಸು. ಅದರ ಹತ್ತಿರದ ಸ್ವರಗಳಿಗೆ ಗಾಳಿ ಬೆಂಬಲ ಕೊಡುತ್ತದೆ. ಅದಕ್ಕಿಂತ ತೀರ ಕೆಳಗಿನ ಸ್ವರಗಳಲ್ಲಿ ಮಾತ್ರ ಅದೇ ಗಾಳಿ ವಿರೋಧಪಕ್ಷ. ಹಲಗೆ ಒಳಸರಿದಾಗ ಗಾಳಿ ರಂಧ್ರದಿಂದ ಹೊರಬೀಳುತ್ತದೆ; ಒಂದು ಎಳೆದದ್ದನ್ನು ಇನ್ನೊಂದು ತಳ್ಳುತ್ತದೆ; ಎರಡೂ ಸೇರಿ ಸದ್ದನ್ನು ಹುಟ್ಟುವಲ್ಲೇ ನುಂಗುತ್ತವೆ. ಅದೇ ಅಳತೆಯ ರಂಧ್ರ ಇಟ್ಟುಕೊಂಡು ಈ ಶ್ರುತಿಯನ್ನು ಅರ್ಧಕ್ಕೆ ಇಳಿಸಬೇಕಾದರೆ ಒಳಗಿನ ಜಾಗ ನಾಲ್ಕು ಪಟ್ಟು ಹಿಗ್ಗಬೇಕು. ಆಳೆತ್ತರದ ಡಬಲ್ ಬೇಸ್‌ನಲ್ಲೂ ಈ ಶ್ರುತಿ 60 ಹರ್ಟ್ಸ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ತೊಡೆಯ ಮೇಲೆ ಕೂರುವ ಗಿಟಾರಿನ ಪಾಡು ಹೇಳಬೇಕಿಲ್ಲ.

ಇನ್ನುಳಿದದ್ದು ಕಿವಿ. ಅದೂ ನಿಷ್ಪಕ್ಷಪಾತಿಯಲ್ಲ. ಬೇರೆ ಬೇರೆ ಶ್ರುತಿಗಳನ್ನು ಕಿವಿ ಎಷ್ಟು ಗಟ್ಟಿಯೆಂದು ಗ್ರಹಿಸುತ್ತದೆ ಎಂಬುದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಅಳೆದು 1933ರಲ್ಲಿ ಪ್ರಕಟಿಸಿದರು. ಆಮೇಲಿನ ಅಳತೆಗಳ ಪ್ರಕಾರ, 1000 ಹರ್ಟ್ಸ್‌ನ ದನಿ ಸೊನ್ನೆಗಿಂತ ಎರಡು ಮೂರು ಡೆಸಿಬೆಲ್ ಮೇಲಿದ್ದರೆ ಸಾಕು, ನಿಶ್ಶಬ್ದ ಕೋಣೆಯಲ್ಲಿ ಆರೋಗ್ಯವಂತ ಕಿವಿಗೆ ಕೇಳುತ್ತದೆ. 40 ಹರ್ಟ್ಸ್‌ನ ದನಿ ಬರಿದೇ ಕೇಳಿಸಲು ಸುಮಾರು 50 ಡೆಸಿಬೆಲ್ ಬೇಕು. ಶಕ್ತಿಯ ಲೆಕ್ಕದಲ್ಲಿ ಇದು ಹತ್ತಾರು ಸಾವಿರ ಪಟ್ಟು ಹೆಚ್ಚು.

ಹಾಗಾದರೆ ಬೇಸ್ ಕೇಳುವುದಾದರೂ ಹೇಗೆ? ಇಲ್ಲಿ ಮಿದುಳು ಕೈಹಿಡಿಯುತ್ತದೆ. ಮೀಟಿದ ತಂತಿ ತನ್ನ ಮೂಲಸ್ವರದ ಜೊತೆಗೆ ಅದರ ಎರಡು, ಮೂರು, ನಾಲ್ಕು ಪಟ್ಟಿನ ಸ್ವರಗಳನ್ನೂ ಹೊಮ್ಮಿಸುತ್ತದೆ. ತಂಬೂರಿಯ ಮಂದ್ರ ತಂತಿಯಲ್ಲಿ ಯಾರೂ ಮೀಟದ ಗಾಂಧಾರ ಕೇಳಿಬರುವುದನ್ನು ನಮ್ಮ ಸಂಗೀತಗಾರರು ಸ್ವಯಂಭೂ ಎಂದು ಕರೆದದ್ದು ಈ ಕಾರಣಕ್ಕೇ. 82, 123, 164 ಹರ್ಟ್ಸ್‌ಗಳು ಒಟ್ಟಿಗೆ ಕೇಳಿದರೆ ಅವುಗಳ ತಾಯಿಸ್ವರ 41 ಇರಲೇಬೇಕೆಂದು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಅಂಗೈಯಗಲದ ರೇಡಿಯೊದಲ್ಲೂ ಬೇಸ್ ಕೇಳಿದಂತೆನಿಸುವುದು ಇದರಿಂದಲೇ. ಅಕೌಸ್ಟಿಕ್ ಬೇಸ್ ಬದುಕಿರುವುದೇ ಈ ಮಕ್ಕಳ ಬಲದಿಂದ. ತೊಂದರೆಯೆಂದರೆ ಅದೇ 80ರಿಂದ 400 ಹರ್ಟ್ಸ್‌ನ ಓಣಿಯಲ್ಲಿ ಪಕ್ಕದ ಗಿಟಾರುಗಳೂ ಓಡಾಡುತ್ತವೆ. ಒಂದು ಗಿಟಾರ್ ಮೆಲ್ಲನೆ ಬೆರಳಲ್ಲಿ ಮೀಟಿದರೆ ಬೇಸಿಗೆ ದಾರಿ ಸಿಗುತ್ತದೆ. ಮೂರು ಗಿಟಾರುಗಳು ಒಟ್ಟಿಗೆ ಬಡಿಯತೊಡಗಿದರೆ ಮುಗಿಯಿತು.

ವಿದ್ಯುತ್ತಿಲ್ಲದ ಕಾಲದಲ್ಲಿ ಜನ ಏನು ಮಾಡುತ್ತಿದ್ದರು ಎಂಬುದರಲ್ಲೇ ಪರಿಹಾರದ ಸುಳಿವುಗಳಿವೆ. ಅಮೆರಿಕದ ಬಡ ವಾದ್ಯಗಾರರು ಬಟ್ಟೆ ಒಗೆಯುವ ಲೋಹದ ತೊಟ್ಟಿಯನ್ನು ಬೋರಲು ಹಾಕಿ, ಕೋಲೊಂದಕ್ಕೆ ದಾರ ಬಿಗಿದು ಬೇಸ್ ಮಾಡಿಕೊಂಡರು. 1920ರ ದಶಕದ ಎಷ್ಟೋ ಜಾಸ್ ತಂಡಗಳು ತಂತಿಯ ಸಹವಾಸವೇ ಬೇಡವೆಂದು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕೊಳವೆ ಊದಿಸಿದವು. ಡಬಲ್ ಬೇಸ್ ನುಡಿಸುವವರು ತಂತಿಯನ್ನು ಎಳೆದು ಪಟ್ಟಿಗೆ ಛಟ್ಟನೆ ಬಡಿಸುವ ವರಸೆ ರೂಢಿಸಿಕೊಂಡರು. ಆ ವಾದ್ಯಕ್ಕೆ ಅವರ ನಡುವೆ ‘ನಾಯಿಗೂಡು’ ಎಂಬ ಅಡ್ಡಹೆಸರು. ಬಸ್ಸಿನಲ್ಲಿ ಹೊತ್ತು ತಿರುಗಿದವರಿಗಷ್ಟೇ ಅದರ ಪೂರ್ತಿ ಅರ್ಥ ಗೊತ್ತು.

ಬಿಲ್ಲಿಲ್ಲದೆ ಮೀಟಿಯೇ ನುಡಿಸುವ, ಮೆಟ್ಟುಗಳಿರುವ ಬೇಸಿಗೂ ಹಳೆಯ ಉದಾಹರಣೆಗಳಿವೆ. ರಷ್ಯದಲ್ಲಿ ವಸೀಲಿ ಆಂದ್ರೇಯೆವ್ 1880ರ ದಶಕದಲ್ಲಿ ಹಳ್ಳಿಗಾಡಿನ ಬಾಲಲೈಕಾ ವಾದ್ಯವನ್ನು ತಿದ್ದಿ, ಸಣ್ಣದರಿಂದ ದೊಡ್ಡದರವರೆಗೆ ಒಂದು ಸಂಸಾರವನ್ನೇ ಕಟ್ಟಿದ. ಅವನ ತಂಡ 1888ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಕಛೇರಿ ಕೊಟ್ಟಿತು. ಈ ಸಂಸಾರದ ಹಿರಿಯಣ್ಣನಾದ ಕಾಂಟ್ರಾಬೇಸ್ ಬಾಲಲೈಕಾದ ಕೆಳತಂತಿ ಇಂದಿನ ಬೇಸ್ ಗಿಟಾರಿನದೇ ಸ್ವರ. ಅದರ ತ್ರಿಕೋನಾಕಾರದ ಮೈ ಎಷ್ಟು ದೊಡ್ಡದೆಂದರೆ ಒಂದು ಮೂಲೆಯನ್ನು ಕಡ್ಡಿಯ ಮೇಲೆ ನೆಲಕ್ಕೆ ಊರಿ, ದಪ್ಪ ಚರ್ಮದ ತುಂಡಿನಿಂದ ತಂತಿ ಮೀಟಬೇಕು. ಅಮೆರಿಕದ ಗಿಬ್ಸನ್ ಕಂಪೆನಿಯೂ 1910ರ ದಶಕದಲ್ಲಿ ಮ್ಯಾಂಡೊಲಿನ್ ವಾದ್ಯವೃಂದಗಳಿಗಾಗಿ ಎರಡು ಅಡಿ ಅಗಲದ ಮ್ಯಾಂಡೊಬೇಸ್ ತಯಾರಿಸಿತು. ವೃಂದಗಳ ಹುಚ್ಚು ಇಳಿದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. 1951ರಲ್ಲಿ ಕ್ಯಾಲಿಫೋರ್ನಿಯದ ಲಿಯೊ ಫೆಂಡರ್ ಗಟ್ಟಿ ಮರದ ಎಲೆಕ್ಟ್ರಿಕ್ ಬೇಸ್ ಮಾರುಕಟ್ಟೆಗೆ ತಂದ ಮೇಲಂತೂ ಹೊಟ್ಟೆಯ ಗಾತ್ರದ ಚಿಂತೆ ಯಾರಿಗೂ ಉಳಿಯಲಿಲ್ಲ.

ಉಳಿದದ್ದು ಮೆಕ್ಸಿಕೊದಲ್ಲಿ. ಅಲ್ಲಿನ ಮರಿಯಾಚಿ ತಂಡಗಳು ಚೌಕದಲ್ಲಿ, ಮದುವೆ ಮನೆಯಲ್ಲಿ, ಬೀದಿಯಲ್ಲಿ ನಡೆದಾಡುತ್ತ ನುಡಿಸುವಂಥವು. ಪಿಟೀಲು, ತುತ್ತೂರಿಗಳ ನಡುವೆ ಮಂದ್ರ ಕೇಳಬೇಕು, ವಾದ್ಯವನ್ನು ಹೆಗಲಿಗೂ ಹಾಕಿಕೊಳ್ಳಬೇಕು. ಮೊದಲು ಹಾರ್ಪ್ ಮಾಡುತ್ತಿದ್ದ ಈ ಕೆಲಸವನ್ನು ಕ್ರಮೇಣ ವಹಿಸಿಕೊಂಡದ್ದು ಗಿಟಾರೊನ್. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ದೊಡ್ಡ ಗಿಟಾರ್ ಎಂದಷ್ಟೇ ಅರ್ಥ. ಕತ್ತು ಮೊಂಡು, ಮೆಟ್ಟುಗಳಿಲ್ಲ, ಬೆನ್ನು ದೋಣಿಯ ತಳದಂತೆ ಹೊರಕ್ಕೆ ಉಬ್ಬಿಕೊಂಡಿದೆ. ನೋಡಿದವರಿಗೆ ತುಂಬು ಗರ್ಭಿಣಿಯ ನೆನಪಾದರೆ ಆಶ್ಚರ್ಯವಿಲ್ಲ. ಮರ ಹಗುರ, ಹಾಗಾಗಿ ಹೊರುವುದೂ ಸುಲಭ, ಹಲಗೆ ಕುಣಿಯುವುದೂ ಸುಲಭ.

ಇದರ ಜಾಣತನ ಹೊಟ್ಟೆಯಲ್ಲಷ್ಟೇ ಇಲ್ಲ. ಮೊದಲನೆಯದಾಗಿ ಅದು 41 ಹರ್ಟ್ಸ್‌ನವರೆಗೆ ಇಳಿಯುವ ಹಟವನ್ನೇ ಹಿಡಿದಿಲ್ಲ. ಅದರ ಕೆಳತಂತಿ 55 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಜೊತೆಗೆ ನುಡಿಸುವವರು ಸಾಮಾನ್ಯವಾಗಿ ಎರಡು ತಂತಿಗಳನ್ನು ಒಟ್ಟಿಗೆ ಎಳೆದು ಬಿಡುತ್ತಾರೆ: ಒಂದು ಮಂದ್ರ, ಇನ್ನೊಂದು ಅದರದೇ ಒಂದು ಸ್ಥಾಯಿ ಮೇಲಿನ ಸ್ವರ. ಆರು ತಂತಿಗಳನ್ನು ಶ್ರುತಿ ಮಾಡಿರುವುದೇ ಈ ಜೋಡಿ ಬೆರಳಿಗೆ ಎಟುಕುವಂತೆ. ಮೇಲಿನ ಸ್ವರ ಕಿವಿಗೆ ಸಲೀಸಾಗಿ ಮುಟ್ಟುತ್ತದೆ, ಕೆಳಗಿನದು ಅದಕ್ಕೆ ತೂಕ ಕೊಡುತ್ತದೆ. ಮಿದುಳಿನ ಆ ತುಂಬಿಕೊಳ್ಳುವ ಗುಣವನ್ನು ಪ್ರಯೋಗಾಲಯ ಕಾಣದ ಬಡಗಿಗಳೂ ವಾದ್ಯಗಾರರೂ ಕೈಯಳತೆಯಲ್ಲೇ ಕಂಡುಕೊಂಡಿದ್ದರು. 2011ರಲ್ಲಿ ಮರಿಯಾಚಿ ಸಂಗೀತ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು.

ಇದೇ ಗಿಟಾರೊನ್ ನೋಡಿ ಪ್ರೇರಿತನಾದವನು ಗಿಟಾರ್ ತಂತಿಗಳ ವ್ಯಾಪಾರಿ ಅರ್ನಿ ಬಾಲ್. ಎಲೆಕ್ಟ್ರಿಕ್ ಗಿಟಾರಿಗೆ ಜೊತೆಯಾಗಿ ಎಲೆಕ್ಟ್ರಿಕ್ ಬೇಸ್ ಇರುವಾಗ ಅಕೌಸ್ಟಿಕ್ ಗಿಟಾರಿಗೆ ಅಕೌಸ್ಟಿಕ್ ಬೇಸ್ ಏಕಿರಬಾರದು ಎಂಬುದು ಅವನ ತರ್ಕ. ಫೆಂಡರನ ಹಳೆಯ ಸಂಗಾತಿ ಜಾರ್ಜ್ ಫುಲರ್‌ಟನ್ ಜೊತೆ ಸೇರಿ 1972ರಲ್ಲಿ ಅವನು ಹೊರತಂದ ‘ಅರ್ಥ್‌ವುಡ್’ ಬೇಸಿನ ಮೈ 8 ಅಂಗುಲಕ್ಕೂ ಹೆಚ್ಚು ಆಳವಿತ್ತು. ಸಾಮಾನ್ಯ ಗಿಟಾರಿನ ಆಳ ನಾಲ್ಕೈದು ಅಂಗುಲ. ತಬ್ಬಿ ಹಿಡಿಯಲು ಕಷ್ಟ, ಕೊಳ್ಳುವವರು ಕಡಿಮೆ. 1985ರ ಹೊತ್ತಿಗೆ ತಯಾರಿಕೆ ನಿಂತಿತು. ಆದರೆ ಅದು ನಿಜಕ್ಕೂ ಕೇಳುತ್ತಿತ್ತು. ಮಿಲ್ವಾಕಿಯ ಬೀದಿಬದಿಯಲ್ಲಿ ನುಡಿಸುತ್ತ ಹೆಸರಾದ ವಯಲೆಂಟ್ ಫೆಮ್ಸ್ ತಂಡದ ಬ್ರಯನ್ ರಿಚಿಯ ಕೈಯಲ್ಲಿದ್ದ ವಾದ್ಯವೂ ಇದೇ ಅರ್ಥ್‌ವುಡ್.

1989ರಲ್ಲಿ ಎಂಟಿವಿ ‘ಅನ್‌ಪ್ಲಗ್ಡ್’ ಕಾರ್ಯಕ್ರಮ ಆರಂಭಿಸಿದ ಮೇಲೆ ಅಕೌಸ್ಟಿಕ್ ಬೇಸ್ ಮತ್ತೆ ಬೇಡಿಕೆಗೆ ಬಂತು. ಹೆಸರು ವಿದ್ಯುತ್ ಸಂಪರ್ಕ ಕಿತ್ತದ್ದು ಎಂದಾದರೂ ವೇದಿಕೆಯ ಮೇಲೆ ಮೈಕುಗಳಿಗೂ ತಂತಿಗಳಿಗೂ ಬರವಿರಲಿಲ್ಲ. ಟಿವಿಯಲ್ಲಿ ಆ ತುಂಬು ಮಂದ್ರ ಕೇಳಿದವರು ಅದು ಮರದಿಂದಲೇ ಬಂತೆಂದು ನಂಬಿ ಅಂಗಡಿಗೆ ಹೋದರು. ಇಂದು ಮಾರಾಟಕ್ಕಿರುವ ಅಕೌಸ್ಟಿಕ್ ಬೇಸ್‌ಗಳಲ್ಲಿ ಬಹುಪಾಲಿಗೆ ಕುದುರೆಯ ಕೆಳಗೆ ಪಿಕಪ್, ಬದಿಯಲ್ಲಿ ಆಂಪ್ಲಿಫೈಯರ್ ತಂತಿ ಸಿಕ್ಕಿಸುವ ತೂತು ಇದ್ದೇ ಇರುತ್ತದೆ. ತಯಾರಕರ ತಪ್ಪೊಪ್ಪಿಗೆಯೆಂದು ಅದನ್ನು ಓದಿಕೊಳ್ಳಬಹುದು. ಇದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ. ಕಛೇರಿಯಲ್ಲಿ ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸಿಕೊಳ್ಳುವುದನ್ನು ನಮ್ಮ ವಿದ್ವಾಂಸರೂ ರೂಢಿಸಿಕೊಂಡಿದ್ದಾರೆ.

ಆದರೂ ಬೇಕೆನ್ನುವವರು ಮರದ ಹೆಸರು, ಹೊಳಪು ನೋಡುವ ಮೊದಲು ಮೈಯ ಅಗಲ, ಆಳ ಅಳೆಯುವುದು ಲೇಸು. ಹೊಸ ಕಂಚಿನ ತಂತಿ ಉಪಸ್ವರಗಳನ್ನು ಧಾರಾಳವಾಗಿ ಕೊಡುತ್ತದೆ. ತಿಂಗಳುಗಟ್ಟಲೆ ಬೆವರು ಕುಡಿದ ತಂತಿ ಕೊಡುವುದಿಲ್ಲ. ಬೆರಳಿಗಿಂತ ಪ್ಲೆಕ್ಟ್ರಂ ಬಳಸಿದರೆ ಸದ್ದು ಹೆಚ್ಚು ಮುಂದೆ ಬರುತ್ತದೆ. ಕೋಣೆಯ ಮೂಲೆಗೆ ಬೆನ್ನು ಮಾಡಿ ಕೂತರೆ ಎರಡು ಗೋಡೆ, ಒಂದು ನೆಲ ಮಂದ್ರದ ಅಲೆಗಳನ್ನು ಹಿಂದಕ್ಕೆ ನೂಕಿ ಪುಕ್ಕಟೆ ಸಹಾಯ ಮಾಡುತ್ತವೆ. ಬಯಲಿನಲ್ಲಿ, ಮರದಡಿಯಲ್ಲಿ ಆ ಸಹಾಯ ಸಿಗದು.

ಅಂಗಡಿಯಲ್ಲಿ ತಾನೇ ನುಡಿಸಿ ನೋಡುವುದು ಪರೀಕ್ಷೆಯಲ್ಲ. ಹಲಗೆಯ ನಡುಕ ನೇರ ಎದೆಗೂಡಿಗೆ ತಾಗುವುದರಿಂದ ನುಡಿಸುವವನಿಗೆ ಪ್ರತಿ ಬೇಸೂ ಗುಡುಗಿನಂತೆ ಕೇಳುತ್ತದೆ. ವಾದ್ಯವನ್ನು ಇನ್ನೊಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಮತ್ತೊಬ್ಬರಿಗೆ ಗಿಟಾರ್ ಬಾರಿಸಲು ಹೇಳಿ, ಹತ್ತಡಿ ದೂರ ಹೋಗಿ ನಿಲ್ಲಬೇಕು. ಅಲ್ಲಿಯೂ ಕೆಳತಂತಿಯ ಸ್ವರ ಯಾವುದೆಂದು ಗುರುತು ಸಿಕ್ಕರೆ ಹಣ ಎಣಿಸಬಹುದು.