ಆರನೇ ಔಟ್‌ಪುಟ್

ಮೊನ್ನೆ ರಾತ್ರಿ ಹಾಸ್ಟೆಲ್‌ನಲ್ಲಿ ನಿದ್ದೆ ಬರದೆ ಸಿ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. 2, ಅದರ ವರ್ಗ 4, ಅದರ ವರ್ಗ 16, ಹೀಗೆ ಹೋಗ್ತಾ ಪ್ರತಿಯೊಂದಕ್ಕೂ 1 ಕೂಡಿಸಿ ಪ್ರಿಂಟ್ ಮಾಡೋದು, ಅಷ್ಟೇ. ಬಂದ ಔಟ್‌ಪುಟ್: 3, 5, 17, 257, 65537, 1.

ಕೊನೆಗೆ 1 ಯಾಕೆ ಬಂತು? ತಪ್ಪು ನನ್ನದೇ. ಅನ್‌ಸೈನ್ಡ್ ಇಂಟ್ ಹಾಕಿದ್ದೆ, ಅದರಲ್ಲಿರೋದು 32 ಬಿಟ್. 65536ರ ವರ್ಗ ಅಂದ್ರೆ 2ರ 32ನೇ ಘಾತ. ಅದು 32 ಬಿಟ್‌ನಲ್ಲಿ ಹಿಡಿಸದೆ ಸೊನ್ನೆ ಆಗಿಬಿಡುತ್ತೆ. ಅಲ್ಲಿ ನಿಜವಾಗಿ ಬರಬೇಕಿದ್ದದ್ದು 4294967297.

ಈ ಸಂಖ್ಯೆ ನನಗಿಂತ ದೊಡ್ಡವರನ್ನೂ ಬೀಳಿಸಿದೆ. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಪಿಯರ್ ದ ಫರ್ಮಾ ಅಂತ ಒಬ್ಬನಿದ್ದ. ಕೆಲಸ ಕಾನೂನಿನದು, ಹುಚ್ಚು ಗಣಿತದ್ದು. ಈ ಸಾಲಿನ ಎಲ್ಲಾ ಸಂಖ್ಯೆಗಳೂ ಅವಿಭಾಜ್ಯ, ಅಂದ್ರೆ ಪ್ರೈಮ್, ಅಂತ ಅವನು ನಂಬಿದ್ದ. (ಅವಿಭಾಜ್ಯ ಅನ್ನೋ ಚಂದದ ಪದ ಕನ್ನಡ ಮೀಡಿಯಮ್‌ನಲ್ಲಿ ಓದಿದ ನನ್ನ ರೂಮ್‌ಮೇಟ್ ಹೇಳಿಕೊಟ್ಟದ್ದು.) ಮೊದಲ ಐದು ನಿಜವಾಗ್ಲೂ ಅವಿಭಾಜ್ಯ. ಐದು ಟೆಸ್ಟ್ ಕೇಸ್ ಪಾಸ್ ಆಯ್ತು ಅಂತ ನಾವು ಸಬ್‌ಮಿಟ್ ಒತ್ತೋದಿಲ್ವಾ, ಹಾಗೇ. 1732ರಲ್ಲಿ ಆಯ್ಲರ್ ಆರನೆಯದನ್ನು ಒಡೆದು ತೋರಿಸಿದ:

4294967297 = 641 × 6700417

ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ 641 ಹೇಗೆ ಸಿಕ್ಕಿತು? ಸುಮ್ಮನೆ ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಹೋದರೆ 641 ಬರೋದು 116ನೆಯದಾಗಿ. ಆದರೆ ಈ ಸಂಖ್ಯೆಯನ್ನು ಭಾಗಿಸೋ ಯಾವ ಅವಿಭಾಜ್ಯವನ್ನೇ ತಗೊಳ್ಳಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಇದನ್ನು ಸಾಧಿಸಿದವನೂ ಆಯ್ಲರೇ. ಹಾಗಾಗಿ 193, 257, 449, 577 ಇಷ್ಟನ್ನು ನೋಡಿದರೆ ಸಾಕು, ಐದನೇ ಸಲಕ್ಕೆ 641!

ಇದಕ್ಕಿಂತ ನನಗೆ ಇಷ್ಟವಾದದ್ದು ಭಾಗಾಕಾರವೇ ಬೇಡದ ಒಂದು ದಾರಿ. ಪೆನ್ನು ತಗೊಳ್ಳಿ. 640 ಅಂದ್ರೆ 5 × 128, ಅಂದ್ರೆ 5 ಗುಣಿಸು 2ರ 7ನೇ ಘಾತ. 641ರ ಲೆಕ್ಕದಲ್ಲಿ 640 ಮತ್ತು −1 ಎರಡೂ ಒಂದೇ. ನಾಲ್ಕನೇ ಘಾತ ಮಾಡಿ: −1 ಹೋಗಿ 1 ಆಗುತ್ತೆ. ಈ ಕಡೆ 625 × 2ರ 28ನೇ ಘಾತ. ಈಗ 625 ಅಂದ್ರೆ 641 − 16, ಅದರ ಜಾಗದಲ್ಲಿ −16 ಹಾಕಬಹುದು. 16 ಅಂದ್ರೆ 2ರ 4ನೇ ಘಾತ, 28ಕ್ಕೆ 4 ಕೂಡಿಸಿದರೆ 32. ಅಂದರೆ −(2ರ 32ನೇ ಘಾತ) ಮತ್ತು 1 ಸಮ. ಆ ಮೈನಸ್ಸನ್ನು ಆಚೆ ಕಡೆ ತಳ್ಳಿದರೆ 2ರ 32ನೇ ಘಾತ + 1 ಅನ್ನು 641 ಭಾಗಿಸುತ್ತೆ. ಮುಗೀತು! ಮೊದಲ ಸಲ ನೋಡಿದಾಗ ಏನೋ ಮೋಸ ಅನ್ನಿಸಿ ಎರಡು ಸಲ ಬರೆದು ನೋಡಿದೆ.

ಐದನೆಯದಾದ 65537 ಮಾತ್ರ ಈಗಲೂ ಕೆಲಸದಲ್ಲಿದೆ. ಆರ್‌ಎಸ್‌ಎ ಎನ್‌ಕ್ರಿಪ್ಷನ್‌ನ ಪಬ್ಲಿಕ್ ಕೀಯಲ್ಲಿ ಘಾತವಾಗಿ ಸಾಮಾನ್ಯವಾಗಿ ಬಳಸೋದು ಇದನ್ನೇ. ಅದರಾಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ.

ಆಮೇಲೆ ಪ್ರೋಗ್ರಾಂನಲ್ಲಿ ಅನ್‌ಸೈನ್ಡ್ ಲಾಂಗ್ ಲಾಂಗ್ ಹಾಕಿ ಮತ್ತೆ ಓಡಿಸಿದೆ. 4294967297 ಸರಿಯಾಗಿ ಬಂತು. ಅದರ ಮುಂದಿನದು 2ರ 64ನೇ ಘಾತ + 1. ಸ್ಕ್ರೀನ್ ಮೇಲೆ ಮತ್ತೆ 1.